ಮಾತ್ರೆಯ ಜೊತೆ ಕನ್ನಡದ ಒಂದು ಹಾಳೆಯನ್ನೂ ಕೊಡಿಸಿ: ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಕರ್ನಾಟಕ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ ನಮಸ್ಕಾರ.

ನಾನು ಒಂದು ತಾಲ್ಲೂಕು ಕೇಂದ್ರದಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿರುವ ಫಾರ್ಮಸಿಸ್ಟ್. ನಿಮ್ಮಿಂದ ಬೇಕಾಗಿರುವುದು ಒಂದು ಹಾಳೆ. ಮಾನಸಿಕ ಕಾಯಿಲೆಗೆ ಬರೆದುಕೊಡುವ ಪ್ರತಿ ಔಷಧದ ಜೊತೆಗೂ, ಸರ್ಕಾರಿ ಆಸ್ಪತ್ರೆ ಇರಲಿ ಖಾಸಗಿ ಇರಲಿ, ಕನ್ನಡದಲ್ಲಿ ಬರೆದ ಒಂದು ಹಾಳೆ ಸಿಗುವ ಹಾಗೆ ಮಾಡಿ. ಈ ಮಾತ್ರೆ ಮಿದುಳಿನಲ್ಲಿ ಏನು ಮಾಡುತ್ತದೆ, ನೆನಪಿಗೂ ಗಮನಕ್ಕೂ ಓದಿಗೂ ಏನಾಗಬಹುದು, ಯಾವ ತೊಂದರೆ ತಾನಾಗೇ ಹೋಗುತ್ತದೆ, ಯಾವುದಕ್ಕೆ ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು. ಇಷ್ಟಿದ್ದರೆ ಸಾಕು.

ಇದನ್ನು ನಾನು ಹೊಸದಾಗಿ ಕೇಳುತ್ತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೇ ಸೆಕ್ಷನ್ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಾಯಿಲೆ ಏನು, ಕೊಡುವ ಚಿಕಿತ್ಸೆ ಏನು, ಅದರ ಗೊತ್ತಿರುವ ಅಡ್ಡಪರಿಣಾಮ ಏನು ಅಂತ ತಿಳಿಯುವ ಹಕ್ಕು ರೋಗಿಗಿದೆ. ಅದೂ ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೂಪದಲ್ಲಿ. ಕಾಯ್ದೆ ಜಾರಿಗೆ ಬಂದದ್ದು 2018ರ ಮೇ ತಿಂಗಳಲ್ಲಿ. ಅಂಥ ಹಾಳೆ ಹಿಡಿದುಕೊಂಡು ನಮ್ಮ ಕೌಂಟರಿಗೆ ಬಂದ ಒಬ್ಬರನ್ನೂ ನಾನು ಈವರೆಗೆ ಕಂಡಿಲ್ಲ.

ಈಗ ಏನಾಗುತ್ತಿದೆ ಹೇಳುತ್ತೇನೆ. ನಮಗೆ ಮಾತ್ರೆ ಬರುವುದು ಹತ್ತು ಸ್ಟ್ರಿಪ್ಪಿನ ಡಬ್ಬಿಯಲ್ಲಿ. ಕೆಲವು ಡಬ್ಬಿಯೊಳಗೆ ಇಂಗ್ಲಿಷಿನ ಒಂದು ಕಾಗದ ಇರುತ್ತದೆ. ಎಂಟು ಮಡಿಕೆ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣ ಅಕ್ಷರ. ಅದನ್ನು ಬರೆದಿರುವುದೇ ಡಾಕ್ಟರುಗಳಿಗೆ. ನಾವು ಸ್ಟ್ರಿಪ್ ಕತ್ತರಿಸಿ ಹತ್ತೋ ಹದಿನೈದೋ ಮಾತ್ರೆ ಕೊಡುತ್ತೇವೆ. ಕಾಗದ ಕಸದ ಬುಟ್ಟಿಗೆ ಹೋಗುತ್ತದೆ. ಎಷ್ಟೋ ಜನ ಅದೇ ಅಂಗಡಿಯ ಕವರನ್ನೂ ಬೇಡ ಅನ್ನುತ್ತಾರೆ, ಬೇರೆ ಕವರಿಗೆ ಹಾಕಿಕೊಡಿ ಅನ್ನುತ್ತಾರೆ. ಪಕ್ಕದ ಮನೆಯವರು ನೋಡಬಾರದಲ್ಲ.

ಆಮೇಲೆ ಅಕ್ಕಪಕ್ಕ ನೋಡಿ, ದನಿ ಇಳಿಸಿ ಕೇಳುವ ಪ್ರಶ್ನೆ ಒಂದಿದೆ. "ಸಾರ್, ಇದು ತಗೊಂಡ್ರೆ ಬುದ್ಧಿ ಮಂಕಾಗುತ್ತಾ?"

ಓದುವ ಮಕ್ಕಳಿರುವ ತಾಯಂದಿರು ಇದನ್ನು ಕೇಳದೆ ಹೋಗುವುದೇ ಇಲ್ಲ. ಆಗಲ್ಲ ಅಂದರೆ ಸುಳ್ಳು. ಆಗುತ್ತೆ ಅಂದರೂ ಸುಳ್ಳು. ಯಾವ ಮಾತ್ರೆ, ಎಷ್ಟು ಡೋಸು, ಎಷ್ಟು ದಿನದಿಂದ, ಕಾಯಿಲೆ ಯಾವುದು ಅನ್ನುವುದರ ಮೇಲೆ ಉತ್ತರ ನಿಲ್ಲುತ್ತದೆ. ಆದರೆ ನಮ್ಮ ಜನಕ್ಕೆ ಇವೆಲ್ಲ ಒಂದೇ, "ನಿದ್ದೆ ಮಾತ್ರೆ". ಕಲಿಯುವುದಕ್ಕೆ ಅಡ್ಡ ಬರುವ ಮಾತ್ರೆಯೂ ಅದೇ, ಕಲಿಯುವುದಕ್ಕೆ ದಾರಿ ಮಾಡಿಕೊಡುವ ಮಾತ್ರೆಯೂ ಅದೇ. ಹೆದರಿಕೆಯೂ ಒಂದೇ.

ಹಾಳೆಯಲ್ಲಿ ಏನಿರಬೇಕು ಅನ್ನುವುದಕ್ಕೆ ಮುಂಚೆ ಮಿದುಳು ಕಲಿಯುವುದು ಹೇಗೆ ಅನ್ನುವುದನ್ನು ಸ್ವಲ್ಪ ಹೇಳಬೇಕು. ನಿಮಗೆ ಗೊತ್ತಿರುವುದೇ. ಆದರೆ ಇದು ಬಹಿರಂಗ ಪತ್ರ ಅಲ್ವಾ, ಬೇರೆಯವರೂ ಓದುತ್ತಾರೆ.

ಅಮೆರಿಕದ ವಿಜ್ಞಾನಿ ಎರಿಕ್ ಕ್ಯಾಂಡಲ್ ಓದಿದ್ದು ಮನೋವೈದ್ಯಶಾಸ್ತ್ರ. ಆದರೆ ನೆನಪು ಅಂದರೆ ಏನು ಅಂತ ಹುಡುಕಿದ್ದು ಅಪ್ಲಿಸಿಯಾ ಅನ್ನುವ ಸಮುದ್ರದ ಬಸವನಹುಳುವಿನಲ್ಲಿ. ಅದರ ಬಾಲಕ್ಕೆ ಒಂದು ಸಲ ಸಣ್ಣ ಶಾಕ್ ಕೊಟ್ಟರೆ ಸ್ವಲ್ಪ ಹೊತ್ತು ಬೆಚ್ಚುತ್ತದೆ, ಮರೆಯುತ್ತದೆ. ಬಿಟ್ಟು ಬಿಟ್ಟು ಹಲವು ಸಲ ಕೊಟ್ಟರೆ ದಿನಗಟ್ಟಲೆ ನೆನಪಿಡುತ್ತದೆ. ಎರಡನೆಯದರಲ್ಲಿ ನರಕೋಶಗಳ ನಡುವೆ ಹೊಸ ಸಂಪರ್ಕಗಳೇ ಬೆಳೆದಿರುತ್ತವೆ. ಆ ಬೆಳವಣಿಗೆಗೆ ಹೊಸ ಪ್ರೋಟೀನ್ ತಯಾರಾಗಬೇಕು. ಅದನ್ನು ತಡೆದರೆ ಬಹುಕಾಲದ ನೆನಪು ಆಗುವುದೇ ಇಲ್ಲ. ಅಂದರೆ ಕಲಿತಾಗ ಮಿದುಳಿನ ಕಟ್ಟಡವೇ ಬದಲಾಗುತ್ತದೆ. ನಮ್ಮಲ್ಲೂ ನಡೆಯುವುದು ಹೀಗೇ. ಹೊಸದನ್ನು ಗಮನಿಸಬೇಕು, ಮತ್ತೆ ಮತ್ತೆ ಮಾಡಬೇಕು, ನಡುವೆ ನಿದ್ದೆ ಬರಬೇಕು. ನಿದ್ದೆಯಲ್ಲಿ ಆ ನೆನಪು ಗಟ್ಟಿಯಾಗುತ್ತದೆ.

2000ನೇ ಇಸವಿಯ ನೊಬೆಲ್ ಕ್ಯಾಂಡಲ್ ಜೊತೆ ಇನ್ನಿಬ್ಬರಿಗೆ ಬಂತು. ಅವರಲ್ಲಿ ಒಬ್ಬರು ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್. ಇವರ ಕಥೆ ನಮ್ಮ ಕಾಡಿನಿಂದ ಶುರುವಾಗುತ್ತದೆ. ಪಶ್ಚಿಮಘಟ್ಟದಲ್ಲೂ ಬೆಳೆಯುವ ಸರ್ಪಗಂಧ ನಿಮಗೆ ಗೊತ್ತು. ಗಣನಾಥ ಸೇನ್, ಕಾರ್ತಿಕ್ ಚಂದ್ರ ಬೋಸ್ ಅನ್ನುವ ಇಬ್ಬರು ಬಂಗಾಳಿ ವೈದ್ಯರು 1931ರಲ್ಲೇ ಅದರ ಬೇರು ರಕ್ತದೊತ್ತಡಕ್ಕೂ ಹುಚ್ಚಿಗೂ ಕೆಲಸ ಮಾಡುತ್ತದೆ ಅಂತ ಬರೆದಿದ್ದರು. 1952ರಲ್ಲಿ ಅದರಿಂದ ರಿಸರ್ಪಿನ್ ಅನ್ನುವ ಅಂಶವನ್ನು ಬೇರೆ ಮಾಡಿದರು. ಕಾರ್ಲ್ಸನ್ ಅದನ್ನು ಮೊಲಗಳಿಗೆ ಕೊಟ್ಟರು. ಮೊಲಗಳು ಕೂತಲ್ಲೇ ಕೂತವು, ಕಿವಿಯೂ ಅಲ್ಲಾಡದು. ಡೋಪಮಿನ್ ಆಗಿ ಬದಲಾಗುವ ಎಲ್-ಡೋಪಾ ಚುಚ್ಚಿದ ಮೇಲೆ ಎದ್ದು ಓಡಾಡಿದವು. ಇದು 1957ರ ಮಾತು. ಡೋಪಮಿನ್ ಮಿದುಳಿನ ಒಂದು ಮುಖ್ಯ ಸಂದೇಶವಾಹಕ ಅಂತ ಗೊತ್ತಾದದ್ದು ಹೀಗೆ.

ಮುಂದೆ ವೋಲ್ಫ್‌ರಾಮ್ ಶುಲ್ಟ್ಸ್ ಅನ್ನುವ ವಿಜ್ಞಾನಿ ಕೋತಿಗಳಲ್ಲಿ ಇನ್ನೊಂದು ಸಂಗತಿ ಕಂಡರು. ಕೋತಿಗೆ ನಿರೀಕ್ಷೆಯೇ ಇಲ್ಲದೆ ಒಂದು ಹನಿ ಹಣ್ಣಿನ ರಸ ಸಿಕ್ಕಿದರೆ ಡೋಪಮಿನ್ ಕೋಶಗಳು ಚುರುಕಾಗುತ್ತವೆ. ದೀಪ ಹೊತ್ತಿದ ಮೇಲೆ ರಸ ಬರುತ್ತೆ ಅಂತ ಕಲಿತ ಮೇಲೆ ದೀಪಕ್ಕೇ ಚುರುಕಾಗುತ್ತವೆ, ರಸ ಬಂದಾಗ ಸುಮ್ಮನಿರುತ್ತವೆ. ದೀಪ ಹೊತ್ತಿಯೂ ರಸ ಬರದಿದ್ದರೆ ಇದ್ದ ಚುರುಕೂ ಕುಗ್ಗುತ್ತದೆ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ಇರುವ ವ್ಯತ್ಯಾಸವನ್ನು ಮಿದುಳು ಲೆಕ್ಕ ಇಡುತ್ತದೆ. ಆ ಲೆಕ್ಕದಿಂದಲೇ ಕಲಿಯುತ್ತದೆ.

ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಈ ಲೆಕ್ಕ ತಪ್ಪುತ್ತದೆ ಅಂತ ಬಹಳ ಜನ ಸಂಶೋಧಕರು ನಂಬುತ್ತಾರೆ. ಕಾರಣವೇ ಇಲ್ಲದೆ ಡೋಪಮಿನ್ ಎದ್ದು "ಇದು ಮುಖ್ಯ, ಗಮನಿಸು" ಅನ್ನುತ್ತದೆ. ಬಸ್ಸಿನಲ್ಲಿ ಹಿಂದಿನ ಸೀಟಿನವನು ಕೆಮ್ಮಿದ್ದು ಸುಮ್ನೆ ಕೆಮ್ಮಲ್ಲ, ನನಗೇ ಕೊಟ್ಟ ಸನ್ನೆ. ಟಿವಿಯವಳು ನನ್ನ ಬಗ್ಗೆಯೇ ಮಾತಾಡುತ್ತಿದ್ದಾಳೆ. ಒಂದು ಥರದಲ್ಲಿ ಇದೂ ಕಲಿಕೆಯೇ, ವಿಪರೀತ ಕಲಿಕೆ. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಒಲಾಂಜಪೈನ್ ಅನ್ನುವ ಮಾತ್ರೆಗಳು ಈ ಡೋಪಮಿನ್ ಸದ್ದನ್ನು ತಗ್ಗಿಸುತ್ತವೆ. ಹೊಸ ಹೊಸ ಸನ್ನೆಗಳು ಹುಟ್ಟುವುದು ನಿಲ್ಲುತ್ತದೆ. ಆದರೆ ಈಗಾಗಲೇ ಕಲಿತುಬಿಟ್ಟ ಅನುಮಾನ ಮಾತ್ರೆ ನುಂಗಿದ ಕೂಡಲೇ ಅಳಿಸಿ ಹೋಗುವುದಿಲ್ಲ. ಅದನ್ನು ಮರೆತು ಬೇರೆ ಥರ ಕಲಿಯಲು ವಾರಗಳು ಬೇಕು, ಮಾತಾಡುವ ಜನ ಬೇಕು. "ಹದಿನೈದು ದಿನ ಆಯ್ತು, ಇನ್ನೂ ಹಾಗೇ ಅಂತಾನೆ, ಮಾತ್ರೆ ಕೆಲಸ ಮಾಡ್ತಿಲ್ಲ" ಅಂತ ಡೋಸು ನಿಲ್ಲಿಸುವ ಮನೆಯವರಿಗೆ ಈ ಒಂದು ಮಾತು ಹಾಳೆಯಲ್ಲಿ ಇದ್ದರೆ ಎಷ್ಟೋ ಉಪಕಾರ.

ಅದೇ ಹಾಳೆಯಲ್ಲಿ ಇದರ ಇನ್ನೊಂದು ಮುಖವೂ ಇರಲಿ. ಡೋಪಮಿನ್ ಜಾಸ್ತಿ ತಗ್ಗಿದರೆ ಬೇಕಾದ ಆಸೆಯೂ ತಗ್ಗುತ್ತದೆ. ಊಟ ರುಚಿಸದು, ಕ್ರಿಕೆಟ್ ಬೇಡ, ಪುಸ್ತಕ ತೆಗೆಯಲು ಮನಸ್ಸಿಲ್ಲ. ಮನೆಯಲ್ಲಿ "ಸೋಮಾರಿ" ಅಂತ ಬೈಗುಳ. ಇದು ಡೋಸಿನಿಂದ ಆಗಿರಬಹುದು. ಕಾಯಿಲೆಯಿಂದಲೂ ಆಗಿರಬಹುದು, ಯಾಕೆಂದರೆ ಸ್ಕಿಜೋಫ್ರೇನಿಯಾದಲ್ಲಿ ಒಂದು ಮಾತ್ರೆಯನ್ನೂ ನುಂಗುವ ಮುಂಚೆಯೇ ಗಮನ, ನೆನಪು ಕುಗ್ಗಿರುತ್ತವೆ. ಇವೆರಡನ್ನು ಬೇರೆ ಮಾಡಿ ಹೇಳಬಲ್ಲವರು ಡಾಕ್ಟರು. ಅವರ ಹತ್ತಿರ ಹೋಗಿ ಇದನ್ನು ಹೇಳಬೇಕು, ಹೇಳಿದರೆ ತಪ್ಪಿಲ್ಲ ಅನ್ನುವುದೇ ಜನಕ್ಕೆ ಗೊತ್ತಿಲ್ಲ.

ಈಗ ನನ್ನನ್ನು ಜಾಸ್ತಿ ಕಾಡುವ ಮಾತ್ರೆಯ ವಿಷಯ. ಟ್ರೈಹೆಕ್ಸಿಫೆನಿಡಿಲ್. ಮೇಲಿನ ಮಾತ್ರೆಗಳಿಂದ ಕೈ ನಡುಗಿದರೆ, ಮೈ ಸೆಟೆದರೆ ಇದನ್ನು ಕೊಡುತ್ತಾರೆ. ನಿಜವಾಗಿ ಸೆಟೆದವರಿಗೆ ಇದು ದೇವರು ಕೊಟ್ಟ ಮಾತ್ರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೆಟೆಯುವ ಮುಂಚೆಯೇ, ಮುನ್ನೆಚ್ಚರಿಕೆ ಅಂತ, ಎಲ್ಲರಿಗೂ ಬರೆಯುವ ಅಭ್ಯಾಸ ಇದೆ. ರಿಸ್ಪೆರಿಡೋನ್ ಜೊತೆ ಸೇರಿಸಿ ಒಂದೇ ಮಾತ್ರೆ ಮಾಡಿಯೂ ಮಾರುತ್ತಾರೆ. ಹೀಗೆ ಮಾಮೂಲಾಗಿ ಎಲ್ಲರಿಗೂ ಕೊಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಚೀಟಿಗಳ ಮೇಲೆ ಮಾತ್ರ ಅದು ವರ್ಷಗಟ್ಟಲೆ ಹಾಗೇ ಮುಂದುವರಿಯುತ್ತದೆ.

ಇದರಿಂದ ಏನು ತೊಂದರೆ? ಹೊಸ ನೆನಪು ಮೂಡಲು ಮಿದುಳಿಗೆ ಅಸಿಟೈಲ್‌ಕೋಲಿನ್ ಅನ್ನುವ ಇನ್ನೊಂದು ಸಂದೇಶವಾಹಕ ಬೇಕು. ಈ ಮಾತ್ರೆ ಅದನ್ನೇ ತಡೆಯುತ್ತದೆ. ಉಮ್ಮತ್ತಿ ಕಾಯಿ ತಿಂದವರನ್ನು ಹಳ್ಳಿಯಲ್ಲಿ ನೋಡಿದವರಿಗೆ ಗೊತ್ತು. ಬಾಯಿ ಒಣಗುತ್ತದೆ, ಕಣ್ಣು ಮಂಜಾಗುತ್ತದೆ, ಇಲ್ಲದ್ದು ಕಾಣುತ್ತದೆ, ಆಮೇಲೆ ಕೇಳಿದರೆ ಏನೂ ನೆನಪಿಲ್ಲ. ಉಮ್ಮತ್ತಿಯಲ್ಲಿರುವ ಸ್ಕೋಪೊಲಮಿನ್ ಹಿಡಿಯುವುದೂ ಇದೇ ಅಸಿಟೈಲ್‌ಕೋಲಿನ್ ದಾರಿಯನ್ನು. 1974ರಲ್ಲಿ ಆರೋಗ್ಯವಂತ ಯುವಕರಿಗೆ ಸ್ಕೋಪೊಲಮಿನ್ ಕೊಟ್ಟು ನೋಡಿದ್ದರು. ಹೊಸದನ್ನು ನೆನಪಿಡುವ ಶಕ್ತಿ ಎದ್ದು ಕಾಣುವಷ್ಟು ಕುಸಿದಿತ್ತು. ಡಾಕ್ಟರ ಡೋಸು ಉಮ್ಮತ್ತಿಯಷ್ಟು ಜೋರಲ್ಲ, ಗಾಬರಿ ಬೇಡ. ಆದರೆ ಡಿಗ್ರಿ ಓದುವ ಹುಡುಗ "ಓದಿದ್ದು ನಿಲ್ತಾ ಇಲ್ಲ" ಅಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ಮಾತ್ರೆ ಅವನಿಗೆ ಇನ್ನೂ ಬೇಕಾ? ವಯಸ್ಸಾದವರಿಗೆ ಇನ್ನೂ ಜೋಪಾನ. ಅಜ್ಜಿ ಹೆಸರು ಮರೆತರೆ "ಅರಳುಮರಳು" ಅಂತ ನಗುತ್ತಾರೆ. ಚೀಟಿ ನೋಡುವುದಿಲ್ಲ.

ಹಾಗಂತ ಯಾರೂ ಇದನ್ನು ಓದಿ ಮಾತ್ರೆ ಬಿಸಾಡಬಾರದು. ಇಂಥದ್ದನ್ನು ದಿಢೀರಂತ ನಿಲ್ಲಿಸಿದರೂ ತೊಂದರೆಯೇ. ನಾನು ಕೇಳುತ್ತಿರುವುದು ಹಾಳೆಯ ಮೇಲೆ ಒಂದು ಖಾಲಿ ಜಾಗ: "ಈ ಔಷಧ ಇನ್ನೂ ಬೇಕೇ ಅಂತ ಕೊನೆಯ ಸಲ ನೋಡಿದ ತಾರೀಖು".

ಆತಂಕಕ್ಕೂ ನಿದ್ದೆಗೂ ಕೊಡುವ ಆಲ್ಪ್ರಜೋಲಾಮ್, ಡಯಾಜೆಪಾಮ್ ಬಗ್ಗೆ ನಿಮಗೆ ಹೇಳುವುದೇನಿದೆ. ಕಾನೂನಿನಲ್ಲಿ ಶೆಡ್ಯೂಲ್ ಎಚ್1 ಅನ್ನುವ ಬಿಗಿ ಪಟ್ಟಿಯ ಔಷಧಗಳು. ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಅಂತ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು, ಇಡುತ್ತೇವೆ. ಆದರೂ ಪಿಯುಸಿ ಪರೀಕ್ಷೆ ಬಂತೆಂದರೆ ಕೇಳಿಕೊಂಡು ಬರುತ್ತಾರೆ. ಒಬ್ಬ ತಂದೆ ಹೆಂಡತಿಯ ಹಳೇ ಚೀಟಿ ತಂದು, "ಎರಡೇ ಎರಡು ಕೊಡಿ, ಮಗನಿಗೆ ಟೆನ್ಷನ್ನು, ನಾಳೆ ಫಿಸಿಕ್ಸು" ಅಂದರು. ಕೊಡಲಿಲ್ಲ. ಸಿಟ್ಟಾದರು. ರಿಜಿಸ್ಟರ್ ತೋರಿಸಿ ಕಾನೂನು ಹೇಳಿದೆ, ಕೇಳಿಸಿಕೊಳ್ಳಲಿಲ್ಲ. ಆಮೇಲೆ ಬೇರೆ ಮಾತು ಹೇಳಿದೆ. ಆಪರೇಷನ್ನಿಗೆ ಮುಂಚೆ ಇದೇ ಜಾತಿಯ ಮಿಡಜೋಲಾಮ್ ಕೊಡುವುದಕ್ಕೆ ಒಂದು ಕಾರಣ, ಆಗ ನಡೆದದ್ದು ರೋಗಿಗೆ ನೆನಪಿರಬಾರದು ಅಂತ. ರಾತ್ರಿ ಈ ಮಾತ್ರೆ ನುಂಗಿ ಕೂತು ಓದಿದರೆ ಬೆಳಿಗ್ಗೆ ಎಷ್ಟು ಉಳಿಯುತ್ತೆ ನೀವೇ ಯೋಚನೆ ಮಾಡಿ ಅಂದೆ. ಅವರು ಸುಮ್ಮನಾದರು. ಮಿದುಳಿನ ಕೆಲಸ ಹೇಳಿದ್ದು ಕಾನೂನಿಗಿಂತ ಬೇಗ ನಾಟಿತು.

ಭಯದ ಕಾಯಿಲೆಯಲ್ಲಿ ಇದಕ್ಕೊಂದು ಸೂಕ್ಷ್ಮ ಇದೆ. ಬಸ್ ಹತ್ತಲು ಹೆದರುವವರು ಭಯ ಇಟ್ಟುಕೊಂಡೇ ಹತ್ತಬೇಕು, ಏನೂ ಆಗಲಿಲ್ಲ ಅಂತ ಮಿದುಳು ಮತ್ತೆ ಮತ್ತೆ ಕಂಡುಕೊಳ್ಳಬೇಕು. ಭಯ ಬಿಡುವುದೂ ಒಂದು ಹೊಸ ಕಲಿಕೆ. ಪ್ರತಿ ಸಲ ಮಾತ್ರೆ ನುಂಗಿಯೇ ಹತ್ತಿದರೆ ಮಿದುಳು ಕಲಿಯುವುದು "ಮಾತ್ರೆ ಇದ್ದದ್ದಕ್ಕೆ ಬದುಕಿದೆ" ಅಂತ. ಕೆಲವು ವಾರಕ್ಕೆ ಅಂತ ಬರೆದ ಮಾತ್ರೆ ವರ್ಷಗಟ್ಟಲೆ ನಡೆಯುವುದು ಹೀಗೇ. ಆಮೇಲೆ ಒಮ್ಮೆಗೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು.

ಖಿನ್ನತೆಗೆ ಕೊಡುವ ಫ್ಲುಒಕ್ಸೆಟಿನ್‌ನಂಥ ಮಾತ್ರೆಗಳ ಕಥೆ ಉಲ್ಟಾ. ಇವು ಕಲಿಯುವ ದಾರಿಯನ್ನು ತೆರೆಯಬಹುದು ಅನ್ನುವುದಕ್ಕೆ ಪ್ರಾಣಿಗಳಲ್ಲಿ ಒಳ್ಳೆಯ ಪುರಾವೆ ಇದೆ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೆಳೆದ ಇಲಿಗಳಿಗೆ ಒಂದು ಸದ್ದಿನ ಭಯ ಕಲಿಸಿದ್ದರು. ಬರೀ ಫ್ಲುಒಕ್ಸೆಟಿನ್ ಕೊಟ್ಟವುಗಳಿಗೆ ಭಯ ಹೋಗಲಿಲ್ಲ. ಭಯ ಬಿಡಿಸುವ ಬರೀ ತರಬೇತಿ ಪಡೆದವುಗಳಿಗೆ ಹೋದ ಭಯ ವಾಪಸ್ ಬಂತು. ಎರಡೂ ಸಿಕ್ಕಿದವುಗಳಿಗೆ ಮಾತ್ರ ಭಯ ಹೋಗಿ ವಾಪಸ್ ಬರಲಿಲ್ಲ. ಮಳೆ ಬಿದ್ದರೆ ನೆಲ ಹದವಾಗುತ್ತದೆ, ಬಿತ್ತುವವರು ಬೇರೆ ಬೇಕು. ಮಾತ್ರೆ ಶುರುವಾದ ಮೇಲೆ ಎರಡು ಮೂರು ವಾರ ಸಾಮಾನ್ಯವಾಗಿ ಹೆಚ್ಚೇನೂ ಗುಣ ಗೊತ್ತಾಗುವುದಿಲ್ಲ, ಆಮೇಲೆ ನಿಧಾನವಾಗಿ ಮನಸ್ಸು ಹಗುರಾಗುತ್ತದೆ. ಆ ಹೊತ್ತಿಗೆ ನಡಿಗೆ, ಕೆಲಸ, ಜನರ ಜೊತೆ ಮಾತು, ಸಿಕ್ಕಿದರೆ ಕೌನ್ಸೆಲಿಂಗ್ ಶುರು ಮಾಡಿ ಅಂತ ಹೇಳುವವರು ಬೇಕು. ಈಗ ಹೇಳುವುದು "ಊಟ ಆದ್ಮೇಲೆ ಒಂದು" ಅಷ್ಟೇ.

ಮನಸ್ಸು ವಿಪರೀತ ಏರಿಳಿಯುವ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಬಗ್ಗೆ ಸಣ್ಣ ಮಾತು. ಒಳ್ಳೆಯ ಹಳೆಯ ಔಷಧ, 1949ರಿಂದ ಇದೆ, ಎಷ್ಟೋ ಜೀವ ಉಳಿಸಿದೆ. ಆದರೆ ಬೇಸಿಗೆಯಲ್ಲಿ ನೀರು ಕುಡಿಯದಿದ್ದರೆ, ಮೈಕೈ ನೋವಿಗೆ ಡೈಕ್ಲೊಫೆನಾಕ್ ನುಂಗಿದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ನಡುಕ, ತೊದಲು, ಮಂಪರು. ನೋವಿನ ಮಾತ್ರೆ ಕೇಳಿಕೊಂಡು ಬರುವುದು ನಮ್ಮ ಹತ್ತಿರವೇ. ಅವರ ಜೇಬಿನಲ್ಲಿ ಹಾಳೆ ಇದ್ದರೆ ನಮಗೂ ಗೊತ್ತಾಗುತ್ತದೆ.

ವಾಲ್ಪ್ರೊಯೇಟ್ ವಿಷಯದಲ್ಲಿ ಮಾತ್ರ ನನಗೆ ಸಿಟ್ಟಿದೆ. ಬೈಪೋಲಾರ್‌ಗೂ ಫಿಟ್ಸ್‌ಗೂ ಕೊಡುವ ಮಾತ್ರೆ. ಬಸುರಿಯಾಗಿದ್ದಾಗ ತೆಗೆದುಕೊಂಡರೆ ಹುಟ್ಟುವ ಮಗುವಿನ ಮಿದುಳಿನ ಮೇಲೆ ಪರಿಣಾಮ. ಬ್ರಿಟನ್ನಿನ ಔಷಧ ನಿಯಂತ್ರಕರ ಲೆಕ್ಕದಲ್ಲಿ ಅಂಥ 10 ಮಕ್ಕಳಲ್ಲಿ ಒಂದಕ್ಕೆ ಹುಟ್ಟಿನಿಂದ ಅಂಗದ ದೋಷ, 10ರಲ್ಲಿ 3-4 ಮಕ್ಕಳಿಗೆ ಮಾತು, ಕಲಿಕೆ, ಬೆಳವಣಿಗೆಯಲ್ಲಿ ತೊಂದರೆ. ಅಲ್ಲಿ ಡಬ್ಬಿಯ ಮೇಲೆ ಎಚ್ಚರಿಕೆಯ ಚಿತ್ರ ಇರುತ್ತದೆ, ಔಷಧದ ಜೊತೆ ಕಾರ್ಡ್ ಕೊಡುತ್ತಾರೆ. ನಮ್ಮಲ್ಲಿ ಮದುವೆ ಗೊತ್ತಾದ ಹುಡುಗಿ ತಮ್ಮನ ಕೈಯಲ್ಲಿ ಚೀಟಿ ಕಳಿಸಿ ತರಿಸಿಕೊಳ್ಳುತ್ತಾಳೆ. ಗಂಡನ ಮನೆಯಲ್ಲಿ ಗೊತ್ತಾಗಬಾರದು ಅಂತ ಯಾರೂ ಬಾಯಿ ಬಿಡುವುದಿಲ್ಲ. ಬೇರೆ ಮಾತ್ರೆಗೆ ಬದಲಾಯಿಸಲು ಬಸುರಾಗುವ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಬೇಕು, ತಾನಾಗೇ ನಿಲ್ಲಿಸಬಾರದು. ಈ ಎರಡು ಸಾಲು ಅವಳ ಕೈಗೆ ಯಾರು ಕೊಡಬೇಕು? ತಮ್ಮನ ಎದುರು, ನಾಲ್ಕು ಜನ ನಿಂತಿರುವ ಕೌಂಟರಿನಲ್ಲಿ ನಾನು ಹೇಳಲಾ?

ಅಡ್ಡಪರಿಣಾಮ ಬರೆದುಕೊಟ್ಟರೆ ಜನ ಮಾತ್ರೆ ಬಿಡುತ್ತಾರೆ ಅಂತ ಕೆಲವು ಡಾಕ್ಟರುಗಳು ಹೇಳುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯ ಕ್ಲಿನಿಕ್ಕಿನ ಮುಂದೆ ನಿಂತ ಸಾಲು ನಾನೂ ನೋಡಿದ್ದೇನೆ. ಅಷ್ಟು ಜನಕ್ಕೆ ಕೂತು ವಿವರಿಸುವುದು ಆಗದ ಮಾತು. ಆದರೆ ಜನ ಈಗಲೂ ಬಿಡುತ್ತಲೇ ಇದ್ದಾರೆ, ಡಾಕ್ಟರಿಗೆ ಹೇಳದೆ. ತಿಂಗಳಿಗೊಮ್ಮೆ ಬರುವ ಗಿರಾಕಿ ಬರದಿದ್ದಾಗ ಮೊದಲು ಗೊತ್ತಾಗುವುದು ನಮಗೆ. ಕೆಲವರು ಮೂರು ನಾಲ್ಕು ತಿಂಗಳು ಬಿಟ್ಟು ಮತ್ತೆ ಬರುತ್ತಾರೆ, ಚೀಟಿಯಲ್ಲಿ ಡೋಸು ಏರಿರುತ್ತದೆ, ಜೊತೆಗೆ ಬಂದವರ ಮುಖ ನೋಡಿದರೆ ಆಸ್ಪತ್ರೆಗೆ ಸೇರಿಸಿದ್ದು ಗೊತ್ತಾಗುತ್ತದೆ. ಯಾಕೆ ಬಿಟ್ಟಿರಿ ಅಂದರೆ "ತಲೆ ಓಡ್ತಿರಲಿಲ್ಲ ಸಾರ್, ಪರೀಕ್ಷೆ ಇತ್ತು". ಮೊದಲೇ ಹೇಳಿದ್ದರೆ ಡೋಸು ಇಳಿಸಬಹುದಿತ್ತು, ರಾತ್ರಿಗೆ ಬದಲಾಯಿಸಬಹುದಿತ್ತು.

ನಮ್ಮ ರಾಜ್ಯಕ್ಕೆ ಇದು ದೊಡ್ಡ ಕೆಲಸವೇನಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಂದರು. ಅದನ್ನೇ ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಬರೆಯುವವರಿಗೆ ಬರ ಇಲ್ಲ. ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಗುಣಮಟ್ಟದ ನಿಯಮ ಮಾಡುವ ಅಧಿಕಾರ ಕಾಯ್ದೆ ನಿಮಗೇ ಕೊಟ್ಟಿದೆ.

ಮಾಡುವಾಗ ಒಂದೆರಡು ವಿಷಯ ಗಮನದಲ್ಲಿರಲಿ. ಹಾಳೆಯ ತಲೆಯ ಮೇಲೆ "ಮಾನಸಿಕ" ಅಂತ ದಪ್ಪಕ್ಷರದಲ್ಲಿ ಹಾಕಬೇಡಿ. ಔಷಧದ ಹೆಸರು ಮಾತ್ರ ಸಾಕು. ಹಾಕಿದರೆ ಅಂಗಡಿಯ ಮೆಟ್ಟಿಲು ಇಳಿಯುವ ಮುಂಚೆ ಹರಿದು ಎಸೆಯುತ್ತಾರೆ. ಮಡಚಿದರೆ ಜೇಬಿಗೆ ಹೋಗಬೇಕು. ಓದು ಬರದವರಿಗೆ ಒಂದು ಆಡಿಯೋ ಮಾಡಿಸಿ, ಆಶಾ ಕಾರ್ಯಕರ್ತೆಯರ ಫೋನಿನಲ್ಲಿ ಇರಲಿ. ಗಡಿ ತಾಲ್ಲೂಕುಗಳಿಗೆ ತೆಲುಗು, ಮರಾಠಿ, ಉರ್ದು ಕೂಡ ಬೇಕಾಗುತ್ತದೆ. ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಹಾಕಿ. ಬರೆದ ಮೇಲೆ ಮಾತ್ರೆ ತಗೊಳ್ಳುತ್ತಿರುವವರಿಗೇ ಓದಲು ಕೊಟ್ಟು ನೋಡಿ. ಅವರಿಗೆ ತಿಳಿಯದ ಸಾಲನ್ನು ತೆಗೆದುಹಾಕಿ, ಪ್ರೊಫೆಸರ್ ಬರೆದದ್ದಾದರೂ ಸರಿ.

ಎಲ್ಲ ಔಷಧಕ್ಕೂ ಒಂದೇ ಸಲ ಬೇಡ. ವಾಲ್ಪ್ರೊಯೇಟ್, ಲಿಥಿಯಂ, ಟ್ರೈಹೆಕ್ಸಿಫೆನಿಡಿಲ್, ರಿಸ್ಪೆರಿಡೋನ್, ಒಲಾಂಜಪೈನ್, ಫ್ಲುಒಕ್ಸೆಟಿನ್, ಎಸ್ಸಿಟಲೋಪ್ರಾಮ್, ಕ್ಲೊನಜೆಪಾಮ್, ಆಲ್ಪ್ರಜೋಲಾಮ್. ಇವಿಷ್ಟಕ್ಕೆ ಬರೆಸಿದರೆ ನಮ್ಮ ಕೌಂಟರಿಗೆ ಬರುವ ಚೀಟಿಗಳಲ್ಲಿ ಮುಕ್ಕಾಲು ಪಾಲು ಮುಗಿಯುತ್ತದೆ. ವಾಲ್ಪ್ರೊಯೇಟಿನದನ್ನು ಮೊದಲು ಮಾಡಿ. ಅಚ್ಚು ಹಾಕಿಸಲು ದುಡ್ಡಿಲ್ಲ ಅಂದರೆ ನಿಮ್ಮ ವೆಬ್‌ಸೈಟಿನಲ್ಲಿ ಪಿಡಿಎಫ್ ಹಾಕಿ, ಪ್ರಿಂಟ್ ತೆಗೆದು ಕೊಡುವುದು ನಮ್ಮ ಜವಾಬ್ದಾರಿ.

ಇಂತಿ,
ತಾಲ್ಲೂಕು ಕೇಂದ್ರವೊಂದರ ಫಾರ್ಮಸಿಸ್ಟ್